ಇಪ್ಪತ್ತೇಳನೆಯ ಪುಸ್ತಕ

ತದಡಿ ಬಂದರಿನಲ್ಲಿ ಬೋಟಿನ ಇಂಜಿನ್ನಿಗೆ ಕಿವಿ ಹಚ್ಚಿ ನಿಂತರೆ ಸಾಕು, ಅದರ ಹೊಟ್ಟೆಯಲ್ಲಿ ಎಂತ ನೋವಿದೆ ಎಂದು ಬಿಚ್ಚದೆಯೇ ಹೇಳಬಲ್ಲ ಮನುಷ್ಯ ಮಾಬ್ಲ ಹರಿಕಾಂತ. ಆದರೆ ಎದುರಿಗೆ ಇಂಜಿನ್ನಿನ ಬದಲು ಮನುಷ್ಯರು ಇದ್ದರೆ, ಅದರಲ್ಲೂ ಹೆಣ್ಣುಮಗಳೊಬ್ಬಳು ಕೂತಿದ್ದರೆ, ತನ್ನ ಬಾಯಿಂದ ಯಾವ ಮಾತು ಹೊರಡುತ್ತದೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಹಿಂದೊಮ್ಮೆ ಹಳದೀಪುರದಲ್ಲಿ ಹೆಣ್ಣು ನೋಡಲು ಹೋದಾಗ, ಯಾರೂ ಕೇಳದಿದ್ದರೂ, ತನಗೆ ಚೆನ್ನಾಗಿ ಹಾಡಲು ಬರುತ್ತದೆ ಎಂದುಬಿಟ್ಟಿದ್ದ. ಹಾಗಾದರೆ ಒಂದು ಹಾಡಿ ಎಂದಾಗ ಕೆಮ್ಮಲು ಶುರುಮಾಡಿ, ಕೆಮ್ಮುತ್ತಲೇ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದ. ಮೂವತ್ತೊಂಬತ್ತು ವರ್ಷವಾದರೂ ಮದುವೆಯಾಗದಿರಲು ಬೇರೆ ಕಾರಣ ಹುಡುಕುವ ಅಗತ್ಯ ಊರಿನವರಿಗೆ ಬೀಳಲಿಲ್ಲ. ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಗಂಗೆ ಮಾತ್ರ ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದು ಮೀನು ಹೆಚ್ಚುತ್ತ ಗೊಣಗುತ್ತಿದ್ದಳು.

ಈ ಸಲ ಹೆಣ್ಣು ಹೊನ್ನಾವರದ್ದು. ಹೆಸರು ಸುಷ್ಮಾ, ಮೂವತ್ತನಾಲ್ಕು ವರ್ಷ, ಪಂಚಾಯ್ತಿ ಗ್ರಂಥಾಲಯದಲ್ಲಿ ಕೆಲಸ. ಅವಳು ಅವಲಕ್ಕಿ ತಟ್ಟೆ ಕೈಗೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಓದುವ ಅಭ್ಯಾಸ ಇದೆಯೇ ಎಂದು ಸಹಜವಾಗಿ ಕೇಳಿದಳು. ಇಲ್ಲವೆಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮಾಬ್ಲ ಅವಳ ಮುಖ ನೋಡಿದ. ಚೆಂದದ ಮುಖ, ನಗುವಾಗ ಕಣ್ಣು ಮೊದಲು ನಗುತ್ತಿತ್ತು. ಅವಳು ಬೇಕೇ ಬೇಕು ಎಂದು ಅವನಿಗೆ ಆ ಕ್ಷಣವೇ ಅನಿಸಿತು.

“ಓದೂದಾ? ಪಟ್ಟಿ ಹಾಕ್ಕಂಡೇ ಓದೂದು ನಾನು,” ಎಂದ.

ಪಕ್ಕದಲ್ಲಿ ಕೂತಿದ್ದ ಗಂಗತ್ತೆ ಚಹಾ ಲೋಟ ಕೆಳಗಿಟ್ಟು ಅವನನ್ನೇ ನೋಡಿದಳು. ಈ ಮಗ ಜೀವಮಾನದಲ್ಲಿ ಓದಿದ್ದೆಂದರೆ ಇಂಜಿನ್ನಿನ ಕೈಪಿಡಿ ಒಂದೇ, ಅದರಲ್ಲೂ ಚಿತ್ರವಿದ್ದ ಪುಟಗಳನ್ನು ಮಾತ್ರ. ಸುಷ್ಮಾ ಮಾತ್ರ ಖುಷಿಯಾಗಿ, ಹಾಗಾದರೆ ಆ ಪಟ್ಟಿ ಕಳಿಸಿ, ನೋಡೋಣ ಎಂದು ತನ್ನ ಫೋನ್ ನಂಬರು ಕೊಟ್ಟಳು.

ಮರುದಿನ ಬಂದರಿನ ಕಟ್ಟೆಯ ಮೇಲೆ ಕೂತು ಮಾಬ್ಲ ಗೋಳಿಬಜೆ ತಿನ್ನುತ್ತಿದ್ದ. ಪಟ್ಟಿ ಎಲ್ಲಿಂದ ತರುವುದು ಎಂಬ ಚಿಂತೆಯಲ್ಲಿ ನಾಲ್ಕು ಬಜೆ ಹೆಚ್ಚೇ ಇಳಿದಿದ್ದವು. ಐದನೆಯದನ್ನು ಎತ್ತಿದಾಗ ಅಡಿಯ ಕಾಗದದಲ್ಲಿ ಸಾಲಾಗಿ ಪುಸ್ತಕದ ಹೆಸರುಗಳು ಕಂಡವು. ಯಾವುದೋ ಹಳೆಯ ಪುಸ್ತಕದ ಹಾಳೆ. ಮೇಲಿನ ಭಾಗ ಎಣ್ಣೆಯಲ್ಲಿ ನೆನೆದು ಅಕ್ಷರವೇ ಕಾಣುತ್ತಿರಲಿಲ್ಲ, ಬಲಗಡೆಯ ಅಂಚು ಹರಿದುಹೋಗಿತ್ತು. ಉಳಿದದ್ದರಲ್ಲಿ ಇಪ್ಪತ್ತೇಳು ಸಾಲುಗಳಿದ್ದವು. ದೇವರೇ ಬಜೆಯ ರೂಪದಲ್ಲಿ ಬಂದ ಎಂದುಕೊಂಡು ಅವನು ಕೈ ಒರೆಸಿಕೊಂಡು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದ. ಮೇಲೆ ‘ಶ್ರೀ’ ಬರೆದ. ಅದರ ಕೆಳಗೆ, ಹೆಣ್ಣಿನ ಮನಸ್ಸಿಗೆ ನಾಟಲಿ ಎಂದು, ‘ಮದುವೆಗೆ ಮುಂಚೆ ಓದಿ ಮುಗಿಸಬೇಕಾದ ಪುಸ್ತಕಗಳು’ ಎಂದು ಬರೆದು ಎರಡು ಗೆರೆ ಎಳೆದ. ಆಮೇಲೆ ಒಂದೊಂದೇ ಸಾಲು ಇಳಿಸಿದ. ಏನು ಬರೆಯುತ್ತಿದ್ದೇನೆ ಎಂದು ನೋಡುವಷ್ಟು ಪುರಸೊತ್ತು ಇರಲಿಲ್ಲ, ಅತ್ತ ಬೋಟಿನವರು ಕೂಗುತ್ತಿದ್ದರು. ಲಾಭಕ್ಕಾಗಿ ಕೋಳಿ ಸಾಕಣೆ, ಮನೆಯಲ್ಲೇ ಹೊಲಿಗೆ ಕಲಿಯಿರಿ, ಬಾಣಂತಿ ಮತ್ತು ಶಿಶು, ಸಭೆಯಲ್ಲಿ ನಡುಗದೆ ಮಾತಾಡುವುದು, ಕೊಲೆಗಾರನ ಕೊಡೆ, ಹೀಗೆ ಸಾಗಿ ಕೊನೆಯ ಸಾಲು: 27. ಅಂಚೆ ವೆಚ್ಚ ಪ್ರತ್ಯೇಕ.

ಕೆಳಗೆ ಸಹಿಯನ್ನೂ ಹಾಕಿ, ಫೋಟೋ ತೆಗೆದು ಕಳಿಸಿ, ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಸೇರಿಸಿದ. ಬಜೆಯ ಕಾಗದವನ್ನು ಮುದ್ದೆ ಮಾಡಿ ಹೊಳೆಗೆಸೆದ. ಸಂಜೆ ಉತ್ತರ ಬಂತು: ‘ಪಟ್ಟಿ ಓದಿ ಬಹಳ ಸಂತೋಷವಾಯಿತು. ಕೊನೆಯ ಪುಸ್ತಕ ಓದಿದ ಮೇಲೆ ಹೇಗಿದೆ ಅಂತ ನನಗೆ ಹೇಳಲೇಬೇಕು.’ ಎರಡು ದಿನದಲ್ಲಿ ಹೊನ್ನಾವರದಿಂದ ಒಪ್ಪಿಗೆಯೂ ಬಂತು. ಮೇ ಹದಿನೆಂಟಕ್ಕೆ ಮುಹೂರ್ತ. ಅದು ತಪ್ಪಿದರೆ ಆಮೇಲೆ ಮಳೆ, ಆಷಾಢ. ಅಷ್ಟು ದಿನ ಕಾಯುವುದಿಲ್ಲ, ಭಟ್ಕಳದ ಬ್ಯಾಂಕಿನವನ ಸಂಬಂಧವೊಂದು ಬಾಗಿಲಲ್ಲೇ ನಿಂತಿದೆ ಎಂದು ಸುಷ್ಮಾಳ ಅಪ್ಪ ಮೊದಲೇ ಹೇಳಿ ಕೈತೊಳೆದುಕೊಂಡರು.

ಇನ್ನು ಉಳಿದದ್ದು ಊರ ಅಮ್ಮನವರ ಅಪ್ಪಣೆ. ನಮ್ಮ ಕಡೆ ಶುಭಕಾರ್ಯವೆಂದರೆ ಮೊದಲು ಪ್ರಸಾದ ಕೇಳಬೇಕು. ಅಮ್ಮನವರ ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಹಚ್ಚುತ್ತಾರೆ. ಕೇಳಬೇಕಾದ್ದನ್ನು ಕೇಳಿ ಕೈಮುಗಿದು ನಿಂತರೆ, ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಸಮುದ್ರಕ್ಕೆ ಬೋಟು ಇಳಿಸುವುದಿರಲಿ, ಹಲ್ಲು ಕೀಳಿಸುವುದಿರಲಿ, ಗಂಗತ್ತೆ ಕೇಳದೆ ಮಾಡಿದವಳಲ್ಲ.

ಪೂಜೆಯ ಸೋಮ ಗುನಗ ಎಸಳು ಹಚ್ಚಿದ. ಮೇ ಹದಿನೆಂಟು ಆದೀತೇ ಎಂದು ಗಂಗತ್ತೆ ಕೇಳಿದಳು. ಅರ್ಧ ಗಂಟೆಯಾದರೂ ಒಂದೆಸಳೂ ಅಲುಗಲಿಲ್ಲ. ಹಳೆಯದೇನೋ ಬಾಕಿ ಇರಬೇಕು, ಅದನ್ನು ಕೇಳು ಎಂದು ಗುನಗ ಹೇಳಿದ. ಹರಕೆ ಬಾಕಿ ಇದೆಯೇ ಎಂದು ಕೇಳಿದ್ದೇ ತಡ, ಬಲಗಡೆಯ ಎಸಳು ಟಪ್ಪೆಂದು ಬಿತ್ತು. ಸರಿ, ಗಂಗತ್ತೆ ಮೂರು ತಲೆಮಾರಿನ ಹರಕೆಗಳನ್ನು ಹೊರತೆಗೆದಳು. ಅಜ್ಜನ ಕೋಳಿಯೇ? ಎಡಕ್ಕೆ ಬಿತ್ತು. ಮಾಬ್ಲನಿಗೆ ದಡಾರ ಎದ್ದಾಗ ಹೇಳಿಕೊಂಡ ಬೆಳ್ಳಿಯ ಕಣ್ಣೇ? ಎಡ. ಕಳೆದುಹೋದ ಬಲೆಗೆ ಹೇಳಿದ ತೆಂಗಿನಕಾಯಿಯೇ? ಅದೂ ಎಡ. ಸಾಲು ನಿಂತವರು ಕಾಲು ಬದಲಾಯಿಸತೊಡಗಿದರು. ಸೋತ ಗಂಗತ್ತೆ, “ಅಡ್ಡಬೀಳಾ ನೀನು, ತಪ್ಪಾತು ಅನ್ನು,” ಎಂದು ಗದರಿದಳು. ಮಾಬ್ಲ ಅಡ್ಡಬಿದ್ದ. ಅಂಗಿಯ ಕಿಸೆಯಿಂದ ಮಡಚಿದ ಕಾಗದವೊಂದು ಜಾರಿ ನೇರ ಅಮ್ಮನವರ ಎದುರಿಗೆ ಹೋಗಿ ನಿಂತಿತು.

ಗುನಗ ಬಿಡಿಸಿ ಓದಿದ. ಮೇಲೆ ‘ಶ್ರೀ’. ಮದುವೆಗೆ ಮುಂಚೆ ಮುಗಿಸಬೇಕಾದದ್ದು. ಕೆಳಗೆ ಸಹಿ. ಸಂಕಲ್ಪವೆಂದರೆ ಇನ್ನು ಬೇರೆ ಹೇಗಿರಬೇಕು? ಅದು ಸುಮ್ಮನೆ ಬರೆದದ್ದು ಎಂದು ಮಾಬ್ಲ ನೆಲದ ಮೇಲಿಂದಲೇ ಹೇಳಲು ನೋಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದೇ ಹರಕೆಯೇ ತಾಯಿ ಎಂದು ಗಂಗತ್ತೆ ಕೇಳಿದಳು. ಸಮುದ್ರದ ಕಡೆಯ ಬಾಗಿಲಿಂದ ತಣ್ಣನೆ ಗಾಳಿಯೊಂದು ಬೀಸಿತು. ಬಲಗಡೆಯ ಎಸಳಷ್ಟೇ ಅಲ್ಲ, ಬಲಗಡೆಯ ಹಾರವೂ ಅರ್ಧ ಜಾರಿತು.

ಹೀಗೆ ಇಪ್ಪತ್ತೇಳು ಪುಸ್ತಕ ಓದಿ ಮುಗಿಸುವವರೆಗೆ ಮಾಬ್ಲನಿಗೆ ಮದುವೆ ಇಲ್ಲವೆಂದು ದೇವರ ಎದುರಿಗೇ ಇತ್ಯರ್ಥವಾಯಿತು. ಕೈಯಲ್ಲಿದ್ದದ್ದು ಎಂಟು ವಾರ.

ಪುಸ್ತಕ ಒದಗಿಸುವ ಹೊಣೆಯನ್ನು ಸುಷ್ಮಾಳೇ ಹೊತ್ತಳು. ತನ್ನ ಗ್ರಂಥಾಲಯದ ಹಿಂದಿನ ಕಪಾಟಿನಿಂದ ನಾಲ್ಕು ನಾಲ್ಕು ಕಟ್ಟಿ ಕುಮಟೆಯ ಬಸ್ಸಿಗೆ ಹಾಕುತ್ತಿದ್ದಳು. ಎಲ್ಲ ಐವತ್ತು ಅರವತ್ತು ಪುಟದ ಸಣ್ಣ ಪುಸ್ತಕಗಳು. ಸುಮ್ಮನೆ ಮೂಲೆಯಲ್ಲಿ ಕೂತು ಓದಿ ಎಸೆಯೋಣವೆಂದರೆ ಗಂಗತ್ತೆ ಬಿಡಲಿಲ್ಲ. ಹರಕೆಯ ಓದನ್ನು ಯಾರಾದರೂ ಮನಸ್ಸಿನಲ್ಲಿ ಓದುತ್ತಾರೆಯೇ? ಪಾರಾಯಣವೆಂದ ಮೇಲೆ ದೀಪ ಹಚ್ಚಿ, ಮಣೆಯ ಮೇಲೆ ಕೂತು, ನಾಲ್ಕು ಮನೆಗೆ ಕೇಳುವಂತೆ ಓದಬೇಕು. ಮುಗಿದ ದಿನ ಮಂಗಳಾರತಿ, ಪಂಚಕಜ್ಜಾಯ. ಇಷ್ಟೇ ಆಗಿದ್ದರೆ ಮಾಬ್ಲ ಸಹಿಸುತ್ತಿದ್ದ. ಪಾರಾಯಣ ಮುಗಿಯುವವರೆಗೆ ಮನೆಯಲ್ಲಿ ಮೀನಿಲ್ಲ ಎಂದು ಅತ್ತೆ ಅಂದದ್ದೇ ಅವನ ಎದೆ ಒಡೆಯಿತು. ಹುಟ್ಟಿದಂದಿನಿಂದ ಸಾರಿನಲ್ಲಿ ಮೀನು ಕಾಣದ ದಿನವನ್ನು ಅವನು ಜ್ವರದ ದಿನವೆಂದು ತಿಳಿದವನು.

ಮೊದಲ ಸಂಜೆ ಮಾಬ್ಲ ಸ್ನಾನ ಮಾಡಿ, ಹಣೆಗೆ ಗಂಧ ಹಚ್ಚಿ, ದೀಪದೆದುರು ಕೂತು ಕೋಳಿ ಸಾಕಣೆಯನ್ನು ಗಂಭೀರವಾಗಿ ಆರಂಭಿಸಿದ. ಪಕ್ಕದ ಮನೆಯವರು ಸ್ನಾನ ಮಾಡಿಯೇ ಬಂದು ಕೈಮುಗಿದು ಕೂತರು. ‘ಕೋಳಿಗೂಡು ಪೂರ್ವಾಭಿಮುಖವಾಗಿರತಕ್ಕದ್ದು’ ಎಂಬಲ್ಲಿ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಕೋಳಿಗೆ ಬರುವ ಭೇದಿಯ ಅಧ್ಯಾಯ ಮುಗಿದಾಗ ಗಂಗತ್ತೆ ಘಂಟೆ ಬಾರಿಸಿದಳು.

ಸುದ್ದಿ ಹಬ್ಬಿತು. ‘ಬಾಣಂತಿ ಮತ್ತು ಶಿಶು’ ಓದುವ ದಿನ ಹೊಳೆಯಾಚೆಯಿಂದಲೂ ಹೆಂಗಸರು ದೋಣಿ ಮಾಡಿಕೊಂಡು ಬಂದರು. ಮಾಬ್ಲ ಒಂದು ಸಾಲು ಓದಿದರೆ ಅವರು ಹತ್ತು ಸಾಲು ತಿದ್ದುತ್ತಿದ್ದರು. ಬಾಣಂತಿಗೆ ಮೊಸರು ಕೊಡಬಹುದೆಂದು ಪುಸ್ತಕದಲ್ಲಿ ಬರೆದವನು ಯಾರು, ಅವನಿಗೆ ಅಮ್ಮ ಇರಲಿಲ್ಲವೇ ಎಂದು ದೊಡ್ಡ ಗಲಾಟೆಯಾಗಿ ಆ ಪುಟವನ್ನು ದಾಟಲು ಎರಡು ದಿನ ಹಿಡಿಯಿತು. ‘ಕೊಲೆಗಾರನ ಕೊಡೆ’ಗಂತೂ ಬೋಟಿನವರೆಲ್ಲ ಸೇರಿದರು. ಕೊನೆಯ ಅಧ್ಯಾಯದ ದಿನ ಮೂರು ಬೋಟು ಸಮುದ್ರಕ್ಕೆ ಇಳಿಯಲಿಲ್ಲ. ಮಾಲೀಕರು ಸಿಟ್ಟಾಗಿ ಬಂದವರು ಅಲ್ಲೇ ಕೂತು, ಕೊಲೆ ಮಾಡಿದ್ದು ವಕೀಲನೇ ಹೌದೆಂದು ತಿಳಿದುಕೊಂಡೇ ಎದ್ದರು. ಇದರ ನಡುವೆ ಮಾಬ್ಲನಿಗೇ ಒಂದು ವಿಚಿತ್ರ ರೋಗ ಅಂಟಿತು. ಮಧ್ಯಾಹ್ನ ಇಂಜಿನ್ನು ಬಿಚ್ಚುತ್ತಿರುವಾಗಲೂ ಮುಂದಿನ ಪುಟದಲ್ಲಿ ಏನಿರಬಹುದು ಎಂದು ತಲೆ ಕೆರೆದುಕೊಳ್ಳುವನು. ಸಂಜೆಯ ಪಾರಾಯಣಕ್ಕೆ ಮೊದಲೇ, ಅತ್ತೆಗೆ ಗೊತ್ತಾಗದಂತೆ, ನಾಲ್ಕು ಪುಟ ಕದ್ದು ಓದುವನು.

ಏಳನೆಯ ವಾರದ ಕೊನೆಗೆ ಇಪ್ಪತ್ತಾರು ಮುಗಿದವು. ಸುಷ್ಮಾಳ ಕೊನೆಯ ಕಟ್ಟಿನಲ್ಲಿ ಒಂದು ಚೀಟಿ ಇತ್ತು: ‘ಇಪ್ಪತ್ತೇಳನೆಯದು ನಮ್ಮಲ್ಲಿಲ್ಲ. ನೀವೇ ಹುಡುಕಬೇಕು.’

ಹುಡುಕಾಟ ಸುರುವಾಯಿತು. ಮೊದಲು ಹೋದದ್ದು ಹೊಳನಗದ್ದೆಯ ವಿಘ್ನೇಶ್ವರ ಮಾಸ್ತರರ ಮನೆಗೆ. ನಿವೃತ್ತರು, ಗೊತ್ತಿಲ್ಲ ಎಂಬ ಪದವನ್ನು ನಲವತ್ತು ವರ್ಷ ಮಕ್ಕಳ ಬಾಯಲ್ಲಿ ಮಾತ್ರ ಕೇಳಿದವರು. ‘ಅಂಚೆ ವೆಚ್ಚ ಪ್ರತ್ಯೇಕ’ ಎಂದಾಗ ಕಣ್ಣು ಮುಚ್ಚಿ ತಲೆದೂಗಿದರು.

“ಓದಿದ್ದೆ. ಧಾರವಾಡದಲ್ಲಿ ಇದ್ದಾಗ,” ಎಂದರು. “ಗಂಭೀರ ಕೃತಿ. ಒಬ್ಬ ಪೋಸ್ಟ್‌ಮನ್ ಇರ್ತಾನೆ. ಕೊನೇಲಿ ಅವನ ಹೆಂಡತಿ ಬೇರೆ ಹೋಗ್ತಾಳೆ. ಅದಕ್ಕೇ ‘ಪ್ರತ್ಯೇಕ’. ಈಗಿನವರಿಗೆ ಅರ್ಥ ಆಗೂದು ಕಷ್ಟ.”

ಗಂಗತ್ತೆಗೆ ದುಃಖವಾಯಿತು. ಮದುವೆಗೆ ಮುಂಚೆ ಗಂಡ ಹೆಂಡತಿ ಬೇರೆಯಾಗುವ ಕತೆಯನ್ನೇ ಓದಬೇಕೇ ಎಂದು ಮಾಬ್ಲನ ಬೆನ್ನಿಗೊಂದು ಗುದ್ದಿದಳು. ಮರುದಿನ, ಮಾಸ್ತರರು ವಿಚಾರಿಸಲು ಜಗಲಿಗೆ ಬಂದಿದ್ದಾಗ, ನೆರೆಮನೆಯ ವಿನೋದ, ಬೋಟಿನ ಡ್ರೈವರ್, ತನ್ನ ಮೊಬೈಲಿನಲ್ಲಿ ಹುಡುಕಿ ನೋಡಿದ. ನೋಡಿದವನು ದಂಗಾಗಿ ಗಂಗತ್ತೆಗೆ ತೋರಿಸಿದ. ಯಾವ ಪುಸ್ತಕದಂಗಡಿಯ ಪುಟ ತೆಗೆದರೂ, ಯಾವ ಪುಸ್ತಕದ ಕೆಳಗೆ ನೋಡಿದರೂ, ಇದೇ ಹೆಸರು. ಇಷ್ಟು ಪ್ರಸಿದ್ಧ ಪುಸ್ತಕ ಇನ್ನೊಂದಿಲ್ಲ, ಬೇರೆ ಪುಸ್ತಕ ಮಾರುವವರೂ ಇದರ ಹೆಸರು ಹೇಳಿಯೇ ಮಾರುತ್ತಾರೆ ಎಂದು ವಿನೋದ ಅಂದ. ಮಾಸ್ತರರು ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಮಾಬ್ಲ ಆಗ ಬೋಟಿನ ಹೊಟ್ಟೆಯೊಳಗಿದ್ದ, ಮೊಬೈಲನ್ನು ನೋಡಲಿಲ್ಲ. ನೋಡಿದ್ದರೆ ಭಟ್ಕಳದ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಭಟ್ಕಳದ ಪೇಟೆಯಲ್ಲಿ ಹಳೆಯ ಪುಸ್ತಕ, ರದ್ದಿ ಮಾರುವ ಸಾಹೇಬರೊಬ್ಬರ ಅಂಗಡಿ ಇದೆ. ಮನೆಯಲ್ಲಿ ನವಾಯತಿ, ಗಿರಾಕಿಗಳೊಂದಿಗೆ ಕನ್ನಡ, ಬೆಕ್ಕಿನೊಂದಿಗೆ ಉರ್ದು ಮಾತಾಡುವ ಹಿರಿಯರು. ಮಾಬ್ಲ ಪಟ್ಟಿ ಕೈಗೆ ಕೊಟ್ಟ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಎದ್ದು, ರಾಶಿಯಿಂದ ಒಂದು ಹಳೆಯ ಪುಸ್ತಕ ಎಳೆದು, ಹಿಂದಿನ ಪುಟ ತೆಗೆದು ಅವನ ಮುಂದಿಟ್ಟರು.

ಅದೇ ಹಾಳೆ. ಎಣ್ಣೆ ಇರಲಿಲ್ಲ, ಹರಿದಿರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಇತರ ಪ್ರಕಟಣೆಗಳು’, ಬಲಗಡೆ ಬೆಲೆ. ಎಲ್ಲದರ ಕೆಳಗೆ: ಅಂಚೆ ವೆಚ್ಚ ಪ್ರತ್ಯೇಕ.

“ಭಾಯಿ, ಇದು ಪುಸ್ತಕ ಅಲ್ಲ. ಟಪಾಲಿನ ದುಡ್ಡು ಬೇರೆ ಕೊಡಬೇಕು ಅಂತ ಬರೆದದ್ದು,” ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಆಮೇಲೆ ತಡೆಯಲಾಗದೆ ಬೆಕ್ಕು ಎದ್ದು ಓಡುವಂತೆ ನಕ್ಕರು. ಚಹಾ ತರಿಸಿ ಕುಡಿಸಿಯೇ ಕಳಿಸಿದರು.

ಮಾಬ್ಲ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ. ನಿಜ ಹೇಳಿದರೆ ಅಮ್ಮನವರ ಎದುರು ಬಜೆ ಕಟ್ಟಿದ ಕಾಗದದ ಸಂಕಲ್ಪ ಮಾಡಿದವನೆಂದು ಅತ್ತೆ ಎದೆಯೊಡೆದುಕೊಳ್ಳುತ್ತಾಳೆ. ಮಾಸ್ತರರು ಊರು ಬಿಡಬೇಕಾಗುತ್ತದೆ. ಹೇಳದಿದ್ದರೆ ಇಲ್ಲದ ಪುಸ್ತಕವನ್ನು ಓದಿ ಮುಗಿಸುವವರೆಗೆ ಮದುವೆ ಇಲ್ಲ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಮುಹೂರ್ತಕ್ಕೆ ಉಳಿದದ್ದು ಐದು ದಿನ. ಬಸ್ಸು ಹೊನ್ನಾವರಕ್ಕೆ ಬಂದಾಗ ಅವನು ಕುಮಟೆಯ ಟಿಕೇಟು ಕೈಯಲ್ಲಿದ್ದರೂ ಇಳಿದುಬಿಟ್ಟ.

ಗ್ರಂಥಾಲಯದಲ್ಲಿ ಸುಷ್ಮಾ ಒಬ್ಬಳೇ ಪುಸ್ತಕಗಳ ಧೂಳು ಕೊಡವುತ್ತಿದ್ದಳು. ಮಾಬ್ಲ ಬಾಗಿಲಲ್ಲೇ ನಿಂತು, ಈ ಸಲ ಬಾಯಿ ಏನು ಹೇಳುತ್ತದೆ ಎಂದು ಕಾಯದೆ, ಎಲ್ಲ ಒಪ್ಪಿಸಿದ. ತಾನು ಓದುವವನಲ್ಲ, ಪಟ್ಟಿ ತನ್ನದಲ್ಲ, ಬಜೆಯ ಕಾಗದದ್ದು, ಕೊನೆಯದು ಪುಸ್ತಕವೇ ಅಲ್ಲ.

“ಗೊತ್ತಿತ್ತು,” ಎಂದಳು ಸುಷ್ಮಾ.

“ಯಾವಾಗಿಂದ?”

“ಪಟ್ಟಿ ಕಳಿಸಿದ ದಿನದಿಂದ. ಹತ್ತು ವರ್ಷದಿಂದ ಇದೇ ಪುಸ್ತಕಗಳ ಧೂಳು ಹೊಡೀತಾ ಇದ್ದೇನೆ. ಯಾವ ಪುಟದ್ದು ಅಂತ ನಂಗೆ ಗೊತ್ತಾಗೂದಿಲ್ವ?”

“ಮತ್ತೆ ಒಪ್ಪಿದ್ದು ಎಂತಕ್ಕೆ?”

ಅವಳ ಕಣ್ಣು ಮೊದಲು ನಕ್ಕಿತು. “ಸುಳ್ಳು ಹೇಳೂಕೂ ಬರದೆ ಇದ್ದವ ಸಿಕ್ಕೂದು ಕಷ್ಟ. ಪುಸ್ತಕಗಳು ಹೆಂಗಿದ್ವು? ಅದು ಹೇಳಿ ಮೊದ್ಲು.”

ಮಾಬ್ಲ ಹೇಳಲು ತೊಡಗಿದ. ವಕೀಲನ ಮೇಲೆ ತನಗೆ ಮೂರನೆಯ ಅಧ್ಯಾಯದಲ್ಲೇ ಅನುಮಾನ ಬಂದದ್ದು, ಹೊಲಿಗೆಯ ಪುಸ್ತಕ ನೋಡಿ ಅತ್ತೆಯ ರವಿಕೆಗೆ ಮೂರು ತೋಳು ಹೊಲಿದದ್ದು, ಬಾಣಂತಿಯ ಮೊಸರಿನ ಜಗಳ. ಒಂದು ಗಂಟೆ ಮಾತಾಡಿದ, ಒಮ್ಮೆಯೂ ಕೆಮ್ಮಲಿಲ್ಲ. ಇಪ್ಪತ್ತಾರು ಓದಿದವನು ಓದುವವನಲ್ಲದೆ ಮತ್ತೆ ಯಾರು ಎಂದಳು ಸುಷ್ಮಾ. ಇಪ್ಪತ್ತೇಳನೆಯದರ ಚಿಂತೆ ತನಗಿರಲಿ, ನೀವು ಮನೆಗೆ ಹೋಗಿ ಮಣೆ ಹಾಕಿ ಕೂತಿರಿ ಎಂದು ಕಳಿಸಿದಳು.

ಮೂರನೆಯ ದಿನ ಮಧ್ಯಾಹ್ನ ಪೋಸ್ಟ್‌ಮನ್ ಶಾಂತಾರಾಮ ಸೈಕಲ್ಲಿನ ಗಂಟೆ ಬಾರಿಸುತ್ತ ಅಂಗಳಕ್ಕೆ ಬಂದ. ಪುಸ್ತಕ ಸಿಕ್ಕಿತೇ ಎಂದು ವಿಚಾರಿಸಲು ವಿನೋದ, ಗುನಗ, ಮಾಸ್ತರರು ಎಲ್ಲ ಅಲ್ಲೇ ಜಗಲಿಯಲ್ಲಿದ್ದರು. ಶಾಂತಾರಾಮನ ಕೈಯಲ್ಲಿ ಕಂದು ಲಕೋಟೆ. ಅದನ್ನು ಕೊಡದೆ ಹಿಡಿದುಕೊಂಡು, ಕಳಿಸಿದವರು ಸ್ಟಾಂಪೇ ಹಚ್ಚಿಲ್ಲ, ದಂಡ ಸೇರಿ ಹತ್ತು ರೂಪಾಯಿ ಆಗುತ್ತದೆ ಎಂದ.

“ಎಂತದ್ದು ದುಡ್ಡು?” ಎಂದು ಗಂಗತ್ತೆ ಜಗಳಕ್ಕೆ ಸೊಂಟ ಕಟ್ಟಿದಳು.

“ಅಂಚೆ ವೆಚ್ಚ ಮಾರಾಯ್ತಿ. ಅದನ್ನ ನೀವು ಪ್ರತ್ಯೇಕ ಕೊಡ್ಬೇಕು.”

ಜಗಲಿಯಲ್ಲಿದ್ದವರೆಲ್ಲ ಕತ್ತು ಚಾಚಿದರು. ಗಂಗತ್ತೆ ಲಕೋಟೆಯನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯನ್ನು ಕಣ್ಣಿಗೊತ್ತಿ ಕೊಟ್ಟಳು. ಬಂತಲ್ಲ ಕೊನೆಗೂ ಎಂದು ವಿನೋದ ಉಸಿರುಬಿಟ್ಟ. ಎಲ್ಲರ ಕಣ್ಣೂ ಮಾಸ್ತರರ ಕಡೆ ತಿರುಗಿತು, ಓದಿದವರು ಅವರೊಬ್ಬರೇ ಅಲ್ಲವೇ? ಮಾಸ್ತರರು ಲಕೋಟೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಇದೇ ಹೌದು, ಆದರೆ ಇದು ಸಂಕ್ಷಿಪ್ತ ಆವೃತ್ತಿ ಎಂದು ತೀರ್ಪು ಕೊಟ್ಟರು. ಪೋಸ್ಟ್‌ಮನ್ ಇದ್ದಾನಲ್ಲ, ಸಾಕು ಎಂದು ಗುನಗನೂ ಒಪ್ಪಿದ.

ದೀಪ ಹಚ್ಚಿದರು. ಮಾಬ್ಲ ಮಣೆಯ ಮೇಲೆ ಕೂತು ಲಕೋಟೆ ಒಡೆದ. ಒಳಗೆ ಒಂದೇ ಹಾಳೆ, ಸುಷ್ಮಾಳ ಕೈಬರಹ. ಮೊದಲ ಸಾಲು ನೋಡಿದ್ದೇ ಅವನ ಕಿವಿ ಕೆಂಪಾಯಿತು. ಮನಸ್ಸಿನಲ್ಲೇ ಓದಿಕೊಳ್ಳಬಹುದೇ ಎಂದು ಅತ್ತೆಯನ್ನು ಕೇಳಿದ.

“ಪಾರಾಯಣ ಮಾರಾಯಾ ಇದು. ನಾಲ್ಕು ಮನೆಗೆ ಕೇಳೂ ಹಂಗೆ ಓದು.”

ಬೇರೆ ದಾರಿ ಇರಲಿಲ್ಲ. ಮಾಬ್ಲ ಹಾಳೆಯನ್ನು ದೀಪದ ಬೆಳಕಿಗೆ ಹಿಡಿದು, ಇಡೀ ಕೇರಿಗೆ ಕೇಳುವಂತೆ ಓದಿದ:

“ಮಾಬ್ಲ ಹರಿಕಾಂತರಿಗೆ. ನೀವು ನನಗೆ ಇಷ್ಟ. ಪಟ್ಟಿ ನೋಡುವ ಮುಂಚೆಯೇ ಇಷ್ಟವಾಗಿದ್ದಿರಿ. ಬ್ಯಾಂಕಿನವರಿಗೆ ಬೇಡವೆಂದು ನಾನೇ ಹೇಳಿದ್ದೇನೆ. ಹದಿನೆಂಟನೇ ತಾರೀಖು ತಡಮಾಡದೆ ಬನ್ನಿ. ಮುಂದಿನ ಪಟ್ಟಿಯನ್ನು ಇಬ್ಬರೂ ಕೂತು ಮಾಡೋಣ. ಇಲ್ಲಿಗೆ ಪುಸ್ತಕ ಮುಗಿಯಿತು. ಫಲಶ್ರುತಿ: ಇದನ್ನು ಓದಿದವರಿಗೂ, ಕೈಮುಗಿದು ಕೇಳಿದವರಿಗೂ, ಇವತ್ತಿನಿಂದಲೇ ಮೀನಿನ ಊಟ ಪ್ರಾಪ್ತವಾಗಲಿ.”

ಗಂಗತ್ತೆ ಕಣ್ಣೊರೆಸಿಕೊಂಡು ಘಂಟೆ ಬಾರಿಸಿದಳು. ಪೋಸ್ಟ್‌ಮನ್ನಿನ ಹೆಂಡತಿ ಎಲ್ಲಿ ಹೋದಳು ಎಂದು ವಿನೋದ ಪಿಸುಗುಟ್ಟಿದ. ಅವಳು ಬಿಟ್ಟು ಹೋಗುವುದು ಎರಡನೆಯ ಭಾಗದಲ್ಲಿ, ನೀನು ಸುಮ್ಮನಿರು ಎಂದು ಮಾಸ್ತರರು ಗದರಿಸಿದರು. ಅಮ್ಮನವರಲ್ಲಿ ಇನ್ನೊಮ್ಮೆ ಪ್ರಸಾದ ಕೇಳಿ ಬರೋಣ ಎಂದು ಗುನಗ ಎದ್ದು ನಿಂತ.

ಗಂಗತ್ತೆ ಅಲ್ಲಿರಲಿಲ್ಲ. ಅವಳಾಗಲೇ, ಮೀನು ಮಾರಲು ಹೊರಟು ಅಂಗಳದಲ್ಲಿ ನಿಂತಿದ್ದ ವಿನೋದನ ಹೆಂಡತಿಯ ಬುಟ್ಟಿಯಿಂದ ಹನ್ನೆರಡು ಬಂಗುಡೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಜೀವಮಾನದಲ್ಲಿ ಮೊದಲ ಸಲ, ಅಮ್ಮನವರನ್ನೂ ಕೇಳದೆ, ಒಲೆ ಹಚ್ಚಿದಳು.